ಬ್ಯಾಟರಿಯ ಮಾತು ಯಾವ ಪ್ರಮಾಣ?

ವಿದ್ಯುತ್ ಕಾರಿನ ಸ್ಟಿಯರಿಂಗ್ ಕೆಳಗೆ, ಚಾಲಕನ ಮೊಣಕಾಲ ಹತ್ತಿರ, 16 ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಗ್ಯಾರೇಜಿನವರ ಬಾಯಲ್ಲಿ ಅದು ಓಬಿಡಿ ಪೋರ್ಟ್. ಬೆಂಕಿಪೊಟ್ಟಣದಷ್ಟು ದೊಡ್ಡ ಡಾಂಗಲ್ ಒಂದನ್ನು ಅದಕ್ಕೆ ಚುಚ್ಚಿ, ಬ್ಲೂಟೂತ್ ಮೂಲಕ ಮೊಬೈಲಿನ ಆ್ಯಪ್‌ಗೆ ಜೋಡಿಸಿದರೆ ಡ್ಯಾಶ್‌ಬೋರ್ಡ್ ಎಂದೂ ತೋರಿಸದ ಅಂಕಿಗಳು ಪರದೆಗೆ ಬರುತ್ತವೆ: ಬ್ಯಾಟರಿಯ ಒಟ್ಟು ವೋಲ್ಟೇಜು, ಒಂದೊಂದು ಸೆಲ್ಲಿನ ವೋಲ್ಟೇಜು, ಒಳಗಿನ ಬಿಸಿ, ಇಡೀ ಬ್ಯಾಟರಿಯ ಆರೋಗ್ಯ ಶೇಕಡಾ ಎಷ್ಟು ಎಂಬ ಲೆಕ್ಕ. ಮೊಹರು ಹಾಕಿ ಮುಚ್ಚಿದ ಪೆಟ್ಟಿಗೆಯೊಳಗೆ ಏನಿದೆಯೆಂದು ಮಾಲೀಕ ಕಂಡಿಲ್ಲ, ಕಾಣುವಂತೆಯೂ ಇಲ್ಲ. ಅಂಥ ವಸ್ತುವಿನ ಬಗ್ಗೆ ಬರುವ ಈ ತಿಳಿವು ಯಾವ ಬಗೆಯದು, ಅದನ್ನು ಎಲ್ಲಿಯವರೆಗೆ ನಂಬಬಹುದು ಎಂಬ ಪ್ರಶ್ನೆ ಭಾರತೀಯ ದರ್ಶನಗಳು ಪ್ರಮಾಣವಿಚಾರವೆಂದು ಕರೆದ ವಿಷಯಕ್ಕೇ ಸೇರುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಕಾರು ಕಂಪನಿಯ ಸ್ವಂತ ಆ್ಯಪ್ ಇಂಟರ್‌ನೆಟ್ ಇದ್ದರಷ್ಟೇ ಮಾತಾಡುತ್ತದೆ. ನಗರ, ನಿಟ್ಟೂರು ಎಂಬ ಊರುಗಳ ಕಡೆಯ ಕಾಡುದಾರಿಯಲ್ಲಿ ಸಿಗ್ನಲ್ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ಡಾಂಗಲ್‌ಗೆ ಟವರಿನ ಹಂಗಿಲ್ಲ, ಕಾರಿನೊಳಗಿನ ನಾಲ್ಕು ಅಡಿ ದಾಟಿದರೆ ಸಾಕು. ಜೊತೆಗೆ ಇಲ್ಲಿಂದ ಕರಾವಳಿಗೆ ಹೋಗುವ ದಾರಿಗಳೆಲ್ಲ ಘಾಟಿಯನ್ನೇ ಇಳಿಯಬೇಕು: ಆಗುಂಬೆ, ಹುಲಿಕಲ್, ಕೊಲ್ಲೂರು, ಗೇರುಸೊಪ್ಪೆ. ಇದೇ ಸೀಮೆ ತರ್ಕದ ಸೀಮೆಯೂ ಹೌದು. ಹೊಸನಗರ ತಾಲ್ಲೂಕಿನಲ್ಲಿ ಜೈನರ ಹೊಂಬುಜವಿದೆ, ಅದ್ವೈತ ಪರಂಪರೆಯ ರಾಮಚಂದ್ರಾಪುರ ಮಠವಿದೆ. ತೀರ್ಥಹಳ್ಳಿಯ ಕಡೆ ತುಂಗೆಯ ದಡದಲ್ಲಿ ಮಾಧ್ವರ ಭೀಮನಕಟ್ಟೆ ಮಠವಿದೆ. ಪ್ರಮಾಣಗಳು ಎಷ್ಟು, ಯಾವುವು ಎಂಬುದರಲ್ಲಿ ಈ ಮೂವರಿಗೂ ಒಮ್ಮತವಿಲ್ಲ.

ಮೊದಲು ಯಂತ್ರದ ಕೆಲಸ. ಕಾರಿನೊಳಗಿನ ಹಲವು ಕಂಟ್ರೋಲ್ ಯೂನಿಟ್‌ಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ತಂತಿಜಾಲದ ಹೆಸರು ಕ್ಯಾನ್. ಜರ್ಮನಿಯ ಬಾಷ್ ಕಂಪನಿ ಅದನ್ನು 1986ರಲ್ಲಿ ಹೊರಗೆ ತಂದಿತು. ಡಾಂಗಲ್ ಆ ಜಾಲಕ್ಕೆ ಒಂದು ಪ್ರಶ್ನೆ ಕಳಿಸುತ್ತದೆ, ಸಂಬಂಧಪಟ್ಟ ಯೂನಿಟ್ ಕೆಲವು ಬೈಟುಗಳಲ್ಲಿ ಉತ್ತರಿಸುತ್ತದೆ, ಆ್ಯಪ್ ಆ ಬೈಟುಗಳನ್ನು ಸೂತ್ರಕ್ಕೆ ಹಾಕಿ ವೋಲ್ಟೋ ಡಿಗ್ರಿಯೋ ಮಾಡಿ ತೋರಿಸುತ್ತದೆ. ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾದ ಈ ಪೋರ್ಟು ಹುಟ್ಟಿದ್ದೇ ಹೊಗೆಯ ತಪಾಸಣೆಗೆ. ಹೊಗೆಯೇ ಇಲ್ಲದ ಕಾರಿನಲ್ಲಿ ಬ್ಯಾಟರಿಯ ವಿವರವನ್ನು ಹೇಗೆ ಕೇಳಬೇಕು, ಹೇಗೆ ಹೇಳಬೇಕು ಎಂಬುದನ್ನು ಆ ಹಳೆಯ ನಿಯಮ ಗೊತ್ತುಮಾಡಿರಲಿಲ್ಲ. ಆದ್ದರಿಂದ ಒಂದೊಂದು ಕಂಪನಿಗೆ ಒಂದೊಂದು ಸಂಕೇತ. ಆಸಕ್ತರು ಅವುಗಳನ್ನು ಊಹಿಸಿ, ಒರೆಹಚ್ಚಿ, ಪಟ್ಟಿ ಮಾಡಿ ಹಂಚಿಕೊಂಡಿದ್ದಾರೆ. ಎಷ್ಟೋ ಆ್ಯಪ್‌ಗಳ ಬಂಡವಾಳ ಆ ಪಟ್ಟಿಯೇ. ಮೂಲ ಸರಿಯಿದ್ದೂ ವ್ಯಾಖ್ಯಾನ ತಪ್ಪಿದರೆ ಅರ್ಥ ಕೆಡುವಂತೆ, ಬೈಟು ಸರಿಯಿದ್ದೂ ಸೂತ್ರ ಬೇರೆ ಮಾದರಿಯದಾದರೆ ಅಂಕಿ ಸುಳ್ಳಾಗುತ್ತದೆ.

ಇದು ಪ್ರತ್ಯಕ್ಷವೇ? ಪರದೆಯ ಮೇಲಿನ ಅಂಕಿ ಕಣ್ಣಿಗೆ ಕಾಣುತ್ತದೆ ನಿಜ. ಆದರೆ ಕಂಡದ್ದು ಅಂಕಿಯನ್ನು, ಬ್ಯಾಟರಿಯನ್ನಲ್ಲ. ಕಾರಿನೊಳಗಿನ ಸಂವೇದಕಗಳನ್ನು ಇಂದ್ರಿಯವೆಂದೇ ಒಪ್ಪಿಕೊಂಡರೂ ಅವುಗಳಿಗೆ ನೇರವಾಗಿ ಸಿಗುವುದು ಮೂರು ಮಾತ್ರ: ವೋಲ್ಟೇಜು, ಕರೆಂಟು, ಉಷ್ಣಾಂಶ. ಮಾಲೀಕ ನಿಜವಾಗಿ ತಿಳಿಯಬಯಸುವ ಎರಡು ಸಂಗತಿಗಳಾದ ಉಳಿದ ಚಾರ್ಜು ಮತ್ತು ಆರೋಗ್ಯವನ್ನು ಯಾವ ಸಂವೇದಕವೂ ಮುಟ್ಟುವುದಿಲ್ಲ. ಟಾಟಾ ನೆಕ್ಸಾನ್ ಇವಿಯಲ್ಲಿರುವಂಥ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳ ವೋಲ್ಟೇಜು ಚಾರ್ಜು ಶೇ 80 ಇರಲಿ, ಶೇ 30 ಇರಲಿ, 3.2ರಿಂದ 3.3ರ ಆಸುಪಾಸಿನಲ್ಲೇ ನಿಂತಿರುತ್ತದೆ. ಹಾಗಾಗಿ ಬ್ಯಾಟರಿಯ ಮೇಲ್ವಿಚಾರಣೆಗೆಂದೇ ಇರುವ ಬಿಎಂಎಸ್ ಎಂಬ ಯೂನಿಟ್ ಒಳಬಂದ, ಹೊರಹೋದ ಕರೆಂಟನ್ನು ಕೂಡಿಸಿ ಕಳೆದು ಲೆಕ್ಕ ಇಡುತ್ತದೆ. ಸಣ್ಣ ಸಣ್ಣ ತಪ್ಪುಗಳು ಸೇರಿ ಲೆಕ್ಕ ಜಾರುತ್ತ ಹೋಗುತ್ತದೆ. ಆಗಾಗ ಪೂರ್ತಿ ಶೇ 100ಕ್ಕೆ ಚಾರ್ಜ್ ಮಾಡಿ ಎಂದು ಹೇಳುವುದು ಆ ಜಾರಿಕೆಯನ್ನು ತಿದ್ದುವುದಕ್ಕೆ. ಅಂದಮೇಲೆ ಉಳಿದ ಚಾರ್ಜು ಎಂಬುದು ಅನುಮಾನಪ್ರಮಾಣದ ಫಲ.

ಇನ್ನೆಷ್ಟು ಕಿಲೋಮೀಟರ್ ಓಡೀತು ಎಂಬ ಅಂಕಿಯಂತೂ ಅನುಮಾನದ ಮೇಲಿನ ಅನುಮಾನ. ಹಿಂದಿನ ಕೆಲವು ಕಿಲೋಮೀಟರುಗಳಲ್ಲಿ ಆದ ಖರ್ಚೇ ಮುಂದೆಯೂ ಆಗುತ್ತದೆ ಎಂಬ ವ್ಯಾಪ್ತಿಯ (ತಪ್ಪದ ಒಡನಾಟದ ನಿಯಮದ) ಮೇಲೆ ಅದು ನಿಂತಿದೆ. ನ್ಯಾಯದರ್ಶನ ಇಂಥ ವ್ಯಾಪ್ತಿಯೊಳಗೆ ಅಡಗಿರಬಹುದಾದ ಉಪಾಧಿಯನ್ನು ಹುಡುಕು ಎನ್ನುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎನ್ನಬಹುದು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನಲಾಗದು. ಸೌದೆ ಹಸಿಯಾಗಿದ್ದರಷ್ಟೇ ಹೊಗೆ. ಹಸಿ ಸೌದೆ ಅಲ್ಲಿ ಉಪಾಧಿ. ಆಷಾಢದಲ್ಲಿ ಬಚ್ಚಲ ಒಲೆ ಊದಿದ ಮಲೆನಾಡಿನವರಿಗೆ ಈ ಶಾಸ್ತ್ರೋದಾಹರಣೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಿಲೋಮೀಟರಿನ ಅಂಕಿಗೆ ಉಪಾಧಿ ರಸ್ತೆಯ ಏರಿಳಿತ. ತೀರ್ಥಹಳ್ಳಿಯಿಂದ ಹೊರಟ ಕಾರು ಆಗುಂಬೆ ಘಾಟಿಯ ತಿರುವುಗಳನ್ನು ಇಳಿಯುವಾಗ ಮೋಟರು ಜನರೇಟರಿನಂತೆ ತಿರುಗಿ ಬ್ಯಾಟರಿಗೇ ಕರೆಂಟು ತುಂಬುತ್ತದೆ. ಸೋಮೇಶ್ವರ ತಲುಪುವ ಹೊತ್ತಿಗೆ ಓಡಬಹುದಾದ ದೂರ ಹೊರಟಾಗಿನದಕ್ಕಿಂತ ಹೆಚ್ಚಿದ್ದರೂ ಆಶ್ಚರ್ಯವಿಲ್ಲ. ಅದೇ ಅಂಕಿಯನ್ನು ನಂಬಿ ಉಡುಪಿಯಿಂದ ಹಿಂದಿರುಗುವವರಿಗೆ ಘಾಟಿ ಬೇರೆ ಲೆಕ್ಕ ಕೊಡುತ್ತದೆ. ಒಂದೂವರೆ ಟನ್ ಭಾರ 500 ಮೀಟರ್ ಮೇಲೇರಲು ಎತ್ತರವೊಂದಕ್ಕೇ 2 ಯೂನಿಟ್ ವಿದ್ಯುತ್ ಬೇಕು. ಮೊದಲ ನೆಕ್ಸಾನ್ ಇವಿಯ 30.2 ಯೂನಿಟ್ ಬ್ಯಾಟರಿಯಲ್ಲಿ ಅದು ಶೇ 7ರಷ್ಟು. ಆ್ಯಪ್ ಇಲ್ಲಿ ಅಂಕಿಗಿಂತ ಹೆಚ್ಚಾಗಿ ಉಪಾಧಿಯನ್ನು ತೋರಿಸುವುದರಿಂದ ಉಪಯುಕ್ತ: ಆ ಕ್ಷಣ ಬ್ಯಾಟರಿಯಿಂದ ಎಷ್ಟು ಕಿಲೋವ್ಯಾಟ್ ಹೋಗುತ್ತಿದೆ, ಎಷ್ಟು ಬರುತ್ತಿದೆ ಎಂಬುದು ತಿರುವು ತಿರುವಿಗೂ ಬದಲಾಗುವುದು ಕಾಣುತ್ತದೆ.

ಇಷ್ಟಾದರೂ ಈ ಅನುಮಾನವನ್ನು ಮಾಡಿದ್ದು ಮಾಲೀಕನಲ್ಲ. ಮಾಡಿದ್ದು ಬಿಎಂಎಸ್, ಮಾಲೀಕನಿಗೆ ಬರುವುದು ಅದರ ಹೇಳಿಕೆ. ಬೇರೆಯವರು ತಿಳಿದು ಹೇಳಿದ್ದನ್ನು ಕೇಳಿ ತಿಳಿಯುವುದು ಶಬ್ದಪ್ರಮಾಣ. ಹಾಗಾಗಿ ಡಾಂಗಲ್ ಮತ್ತು ಆ್ಯಪ್ ಕೊಡುವ ಜ್ಞಾನ ಮಾಲೀಕನ ಮಟ್ಟಿಗೆ ಶಬ್ದವೇ ಹೊರತು ಪ್ರತ್ಯಕ್ಷವಲ್ಲ. ವೈರ್‌ಲೆಸ್ ಆಗಿರುವುದರಿಂದ ಇದು ಬದಲಾಗದು. ತಂತಿ ಹಾಕಿ ಕೇಳಿದರೂ ಶಬ್ದ ಶಬ್ದವೇ. ಬದಲಾಗುವುದು ನಡುವಿನ ದಲ್ಲಾಳಿಗಳ ಸಂಖ್ಯೆ.

ಶಬ್ದಕ್ಕೆ ಬೆಲೆ ಬರುವುದು ಹೇಳಿದವನು ಆಪ್ತನಾಗಿದ್ದರೆ. ವಾತ್ಸ್ಯಾಯನನ ನ್ಯಾಯಭಾಷ್ಯದ ಪ್ರಕಾರ ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಹೇಳುವವನು ಆಪ್ತ. ಋಷಿಗೂ ಮ್ಲೇಚ್ಛನಿಗೂ ಲಕ್ಷಣ ಒಂದೇ. ಯಂತ್ರಕ್ಕೆ ಇಚ್ಛೆಯಿಲ್ಲ. ಇಚ್ಛೆಯಿಲ್ಲದ್ದರಿಂದ ಸುಳ್ಳು ಹೇಳುವ ಆಸೆಯೂ ಇಲ್ಲ ಎಂದು ವಾದಿಸಬಹುದು. ಮೀಮಾಂಸಕರು ವೇದವನ್ನು ಅಪೌರುಷೇಯವೆಂದದ್ದು ಇಂಥದ್ದೇ ನೆಲೆಯಿಂದ: ಹೇಳಿದವನೇ ಇಲ್ಲದ ಮಾತಿಗೆ ಹೇಳಿದವನ ದೋಷ ಅಂಟುವುದಿಲ್ಲ. ಬಿಎಂಎಸ್‌ಗೆ ಈ ರಿಯಾಯಿತಿ ಸಿಗದು. ಅದರ ಸಾಫ್ಟ್‌ವೇರನ್ನು ಮನುಷ್ಯರೇ ಬರೆದಿದ್ದಾರೆ, ಏನನ್ನು ತೋರಿಸಬೇಕು, ಏನನ್ನು ಬಚ್ಚಿಡಬೇಕು ಎಂದು ಅವರೇ ತೀರ್ಮಾನಿಸಿದ್ದಾರೆ. ಅದು ಪೌರುಷೇಯ, ಪುರುಷ ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ದಲ್ಲಾಳಿಯ ಆಪ್ತತೆ ಇನ್ನೂ ಅಗ್ಗ. ಇಂಥ ಡಾಂಗಲ್‌ಗಳಲ್ಲಿ ಬಹುಪಾಲು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ರೂಪಿಸಿದ ಇಎಲ್‌ಎಂ 327 ಚಿಪ್ಪಿನ ನಕಲುಗಳು. ಮೊದಲ ಆವೃತ್ತಿಗೆ ನಕಲು ತಡೆಯುವ ಬೀಗ ಇರಲಿಲ್ಲ, ಅಲ್ಲಿಂದ ನಕಲುಗಳ ಸಂತೆ ಶುರುವಾಯಿತು. ನಿನ್ನ ಹೆಸರೇನು ಎಂದು ಡಾಂಗಲನ್ನು ಕೇಳುವ ಒಂದು ಆದೇಶವಿದೆ. ಎಷ್ಟೋ ಡಾಂಗಲ್‌ಗಳು ಅದಕ್ಕೆ ಆವೃತ್ತಿ 1.5 ಎಂದು ಉತ್ತರಿಸುತ್ತವೆ. ಮೂಲ ಕಂಪನಿ ಆ ಸಂಖ್ಯೆಯ ಆವೃತ್ತಿಯನ್ನು ಹೊರತಂದೇ ಇಲ್ಲ. ತನ್ನ ಹೆಸರಿನ ವಿಷಯದಲ್ಲೇ ಸುಳ್ಳಾಡುವವನು ತಂದ ಸುದ್ದಿಯೆಲ್ಲ ಸುಳ್ಳೆಂದು ಇದರಿಂದ ಸಿದ್ಧವಾಗುವುದಿಲ್ಲ, ನಕಲು ಡಾಂಗಲ್ ಬೈಟುಗಳನ್ನು ಸರಿಯಾಗಿಯೇ ತಲುಪಿಸಬಹುದು. ಆದರೆ ಉದ್ದನೆಯ ಉತ್ತರಗಳನ್ನು ಅರ್ಧಕ್ಕೆ ಕತ್ತರಿಸುವುದು, ಕೆಲವು ಆದೇಶಗಳು ತಿಳಿಯದೆ ತಡಬಡಾಯಿಸುವುದು ನಕಲುಗಳಲ್ಲಿ ಸಾಮಾನ್ಯ. ಸೆಲ್ ವೋಲ್ಟೇಜುಗಳ ಪಟ್ಟಿ ಅಂಥ ಉದ್ದನೆಯ ಉತ್ತರವೇ. ಇನ್ನು ಜೋಡಣೆಯ ಗುಟ್ಟಿನ ಸಂಖ್ಯೆ 1234 ಅಥವಾ 0000 ಆಗಿರುವ ಸಾಧನವನ್ನು ಪೋರ್ಟಿನಲ್ಲೇ ಬಿಟ್ಟುಹೋದರೆ ಹತ್ತಿರ ನಿಂತ ಯಾರು ಬೇಕಾದರೂ ಕಾರನ್ನು ಪ್ರಶ್ನಿಸಬಹುದು. ಕೆಲವು ಕಾರುಗಳಲ್ಲಿ ಅದು ಯೂನಿಟ್‌ಗಳಿಗೆ ನಿದ್ದೆ ಮಾಡಲು ಬಿಡದೆ 12 ವೋಲ್ಟಿನ ಚಿಕ್ಕ ಬ್ಯಾಟರಿಯನ್ನು ಬರಿದು ಮಾಡುವುದೂ ಉಂಟು.

ಆಪ್ತ ಯಾರು ಎಂಬುದನ್ನೇ ವಸ್ತುವಾಗಿ ಹಿಡಿದ ಗ್ರಂಥ ಜೈನಾಚಾರ್ಯ ಸಮಂತಭದ್ರನ ಆಪ್ತಮೀಮಾಂಸೆ. ದೇವತೆಗಳು ಬರುವುದು, ಆಕಾಶದಲ್ಲಿ ನಡೆಯುವುದು, ಚಾಮರ ಬೀಸುವುದು ಮಾಯಾವಿಗಳಲ್ಲೂ ಕಾಣುವುದರಿಂದ ಅವು ಪೂಜ್ಯತೆಗೆ ಕಾರಣವಲ್ಲ, ಮಾತು ಯುಕ್ತಿಗೆ ವಿರೋಧವಾಗದೆ ನಿಲ್ಲುವುದೇ ಕಾರಣ ಎಂಬುದು ಅದರ ಆರಂಭದ ನಿಲುವು. ತೀರ್ಥಂಕರನನ್ನೇ ಈ ಪರೀಕ್ಷೆಗೆ ಒಡ್ಡಿದ ಧೈರ್ಯ ದೊಡ್ಡದು. ಈ ಪರಂಪರೆಯ ತರ್ಕಾಸಕ್ತಿಗೆ ಹೊಂಬುಜದಲ್ಲೇ ಸಾಕ್ಷಿಯಿದೆ: ರಾಜಸಭೆಗಳಲ್ಲಿ ವಾದ ಗೆದ್ದ 16ನೇ ಶತಮಾನದ ವಾದಿ ವಿದ್ಯಾನಂದನನ್ನು ಹೊಗಳುವ ಶಾಸನ. ಆ್ಯಪಿನ ಬಣ್ಣಬಣ್ಣದ ಮುಳ್ಳುಗಳು, ದಶಮಾಂಶದ ಮೂರನೆಯ ಸ್ಥಾನದವರೆಗೆ ಓಡುವ ಅಂಕಿಗಳು ಚಾಮರದ ಸಾಲಿಗೆ ಸೇರುತ್ತವೆ. ನೋಡಬೇಕಾದ್ದು ಅಂಕಿಗಳೊಳಗಿನ ಅವಿರೋಧವನ್ನು: ಸೆಲ್ಲುಗಳ ವೋಲ್ಟೇಜುಗಳನ್ನು ಕೂಡಿಸಿದರೆ ಒಟ್ಟು ವೋಲ್ಟೇಜು ಬರುತ್ತದೆಯೇ, ನಿಂತ ಕಾರಿನಲ್ಲಿ ಕರೆಂಟು ಸೊನ್ನೆಯ ಹತ್ತಿರ ಇದೆಯೇ.

ದೋಷವಿಲ್ಲ ಎಂಬ ಸಂದೇಶಕ್ಕೆ ಬೇರೆಯೇ ಪ್ರಮಾಣ ಬೇಕು. ಇಲ್ಲದಿರುವುದನ್ನು ತಿಳಿಯುವುದಕ್ಕೆ ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನು ಒಪ್ಪುತ್ತಾರೆ. ನೆಲದ ಮೇಲೆ ಮಡಕೆ ಕಾಣದಿದ್ದರೆ ಅಲ್ಲಿ ಮಡಕೆಯಿಲ್ಲ. ಆದರೆ ಕಾಣದಿರುವುದಕ್ಕೆ ಯೋಗ್ಯತೆ ಬೇಕು: ಮಡಕೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿರಬೇಕು. ಕತ್ತಲಲ್ಲಿ ಕಾಣದ್ದರಿಂದ ಏನೂ ಸಿದ್ಧವಾಗದು. ಧರ್ಮಾಧರ್ಮಗಳಂತೆ ಕಾಣಲಾಗದ ವಸ್ತುವಿಗಂತೂ ಈ ಪ್ರಮಾಣ ನಡೆಯುವುದೇ ಇಲ್ಲ. ಸಾಮಾನ್ಯ ಆ್ಯಪ್ ಹೊಗೆಯ ಕಾರಿನ ವಾಡಿಕೆಯಂತೆ ಪ್ರಮಾಣಿತ ದೋಷಸಂಕೇತಗಳನ್ನಷ್ಟೇ ಕೇಳಿ, ಬಿಎಂಎಸ್‌ನ ವಿಳಾಸಕ್ಕೆ ಪ್ರಶ್ನೆಯನ್ನೇ ಕಳಿಸದೆ, ಹಸಿರು ಬಣ್ಣದಲ್ಲಿ ಸೊನ್ನೆ ದೋಷ ಎಂದು ತೋರಿಸಬಹುದು. ಆ ಸೊನ್ನೆ ಕತ್ತಲಲ್ಲಿ ಕಾಣದ ಮಡಕೆ. ಇಂಥ ಸೊನ್ನೆಯನ್ನು ಮುಂದಿಟ್ಟು ಹಳೆಯ ಕಾರು ಮಾರುವವರಿಗೆ ಅದು ಎಲ್ಲ ಅಂಕಿಗಳಿಗಿಂತ ಲಾಭದ ಅಂಕಿ.

ಉಳಿದದ್ದು ಪ್ರಾಮಾಣ್ಯದ ಜಗಳ. ಜ್ಞಾನ ಹುಟ್ಟುವಾಗಲೇ ಪ್ರಮಾಣವೆಂದು ತೋರುತ್ತದೆ, ಬಾಧಕ ಬಂದಾಗ ಮಾತ್ರ ಬಿಡಬೇಕು ಎಂದು ಮೀಮಾಂಸಕರು ಹೇಳುತ್ತಾರೆ, ಅದು ಸ್ವತಃಪ್ರಾಮಾಣ್ಯ. ಜ್ಞಾನದ ಸತ್ಯತೆ ಹೊರಗಿನಿಂದ, ಅದನ್ನು ನಂಬಿ ಮಾಡಿದ ಕೆಲಸ ಕೈಗೂಡಿದಾಗ ಗೊತ್ತಾಗುತ್ತದೆ ಎಂದು ನೈಯಾಯಿಕರು, ಅದು ಪರತಃಪ್ರಾಮಾಣ್ಯ. ನೀರೆಂದು ಕಂಡದ್ದು ನೀರೇ ಎಂದು ತಿಳಿಯುವುದು ಬಾಯಾರಿಕೆ ತಣಿದಾಗ. ಮಾಧ್ವರು ಸಾಕ್ಷಿ ಎಂಬ ಆತ್ಮಸ್ವರೂಪದ ಇಂದ್ರಿಯವೇ ಜ್ಞಾನದ ಸತ್ಯತೆಯನ್ನು ಹಿಡಿಯುತ್ತದೆ, ಸಂಶಯ ಬಂದಲ್ಲಿ ಪರೀಕ್ಷೆ ಅದಕ್ಕೆ ನೆರವಾಗುತ್ತದೆ ಎನ್ನುತ್ತಾರೆ. ದಿನದ ಓಡಾಟದಲ್ಲಿ ಸಾಗರದ ಪೇಟೆಗೆ ಹೋಗಿಬರುವವರು ಅರಿಯದೆಯೇ ಮೀಮಾಂಸಕರು. ಹಳೆಯ ಕಾರು ಕೊಳ್ಳುವ ದಿನ ನೈಯಾಯಿಕರಾಗದೆ ವಿಧಿಯಿಲ್ಲ.

ಆ್ಯಪ್ ಬಗೆಗಿನ ದೊಡ್ಡ ತಪ್ಪು ತಿಳಿವಳಿಕೆ ಇಲ್ಲಿದೆ. ಡ್ಯಾಶ್‌ಬೋರ್ಡ್ ಶೇ 60 ಎಂದಿತು, ಆ್ಯಪೂ ಶೇ 60 ಎಂದಿತು, ಆದ್ದರಿಂದ ನಿಜ ಎಂದು ಜನ ಹೇಳುವುದುಂಟು. ಎರಡೂ ಕೇಳಿದ್ದು ಒಂದೇ ಬಿಎಂಎಸ್ಸನ್ನು. ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕರೆದರೆ ಇಬ್ಬರು ಸಾಕ್ಷಿಗಳಾಗುವುದಿಲ್ಲ. ಆ್ಯಪಿನ ಬೆಲೆ ಅದೇ ಸಾಕ್ಷಿಯನ್ನು ಪಾಟೀಸವಾಲಿಗೆ ನಿಲ್ಲಿಸುವುದರಲ್ಲಿದೆ; ತಾಳೆ ನೋಡಲು ಬೇರೆ ಸಾಕ್ಷಿ ಬೇಕು. ಮನೆಯ 15 ಆಂಪಿಯರ್ ಪ್ಲಗ್ಗಿಗೆ ಬಿಡಿ ಮೀಟರ್ ಹಾಕಿ, ಬಹುತೇಕ ಬರಿದಾದ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಶಾಖವಾಗಿ ಹೋಗುವ ಸುಮಾರು ಹತ್ತರಲ್ಲೊಂದು ಪಾಲನ್ನು ಕಳೆದು ನೋಡಿದರೆ ಬಿಎಂಎಸ್ ಹೇಳುವ ಆರೋಗ್ಯಕ್ಕೆ ಹೊರಗಿನ ತಾಳೆ ಸಿಗುತ್ತದೆ. ಲಿಂಗನಮಕ್ಕಿ, ಮಾಣಿ ಜಲಾಶಯಗಳನ್ನು ಮಡಿಲಲ್ಲಿಟ್ಟುಕೊಂಡ ಈ ತಾಲ್ಲೂಕುಗಳಲ್ಲೂ ಮಳೆಗಾಲದಲ್ಲಿ ಅಷ್ಟು ಹೊತ್ತು ಕರೆಂಟು ಇರಬೇಕು, ಆ ಮಾತು ಬೇರೆ. ಬರಿದಾಯಿತೆಂದು ಹೇಳಿದ್ದೂ ಬಿಎಂಎಸ್ಸೇ ಅಲ್ಲವೇ, ಮೀಟರನ್ನು ಯಾವುದರಿಂದ ಪರೀಕ್ಷಿಸುವುದು ಎಂದು ಕೇಳುತ್ತ ಹೋದರೆ ಕೊನೆಯಿಲ್ಲದ ಅನವಸ್ಥೆ. ನೈಯಾಯಿಕ ಉದಯನನ ಉತ್ತರ ಬಿಗಿಯಾದದ್ದು: ಸಂಶಯಕ್ಕೆ ಎಲ್ಲೆ ಸ್ವಂತ ನಡವಳಿಕೆಯೊಡನೆ ಬರುವ ವಿರೋಧ. ಎಲ್ಲ ಅಂಕಿಯನ್ನೂ ಸಂಶಯಿಸುತ್ತಲೇ ಹುಲಿಕಲ್ ಘಾಟಿ ಇಳಿಯಲು ಹೊರಟವನ ಸಂಶಯ ಬಾಯಿಮಾತಿನದು.

ಎರಡು ಅಂಕಿಗಳು ಹೊಂದದೆ ಹೋದಾಗಲೂ ಒಂದು ಸುಳ್ಳಾಗಲೇಬೇಕೆಂದಿಲ್ಲ. ಕೆಲವು ಕಾರುಗಳಲ್ಲಿ ಆ್ಯಪ್ ಎರಡು ಚಾರ್ಜುಗಳನ್ನು ತೋರಿಸುತ್ತದೆ: ಚಾಲಕನಿಗೆ ಕಾಣಿಸುವುದು ಒಂದು, ಬಿಎಂಎಸ್ ಒಳಗೆ ಇಟ್ಟುಕೊಳ್ಳುವುದು ಇನ್ನೊಂದು. ಸೆಲ್ಲುಗಳ ರಕ್ಷಣೆಗೆ ಮೇಲೂ ಕೆಳಗೂ ಸ್ವಲ್ಪ ಜಾಗವನ್ನು ಕಾಯ್ದಿರಿಸುವುದರಿಂದ ಈ ಅಂತರ. ಜೈನರ ನಯವಾದ ಇದಕ್ಕೆ ಹೊಂದುತ್ತದೆ. ಬಳಕೆಯ ಅಪೇಕ್ಷೆಯಿಂದ ಬ್ಯಾಟರಿ ಬರಿದು, ಸೆಲ್ಲಿನ ಅಪೇಕ್ಷೆಯಿಂದ ಬರಿದಲ್ಲ; ಎರಡು ಹೇಳಿಕೆಯೂ ತನ್ನ ನೆಲೆಯಲ್ಲಿ ನಿಜ. ಕೊಳ್ಳುವವನು ಒಂದು ಕಾರಿನ ಒಳ ಅಂಕಿಯನ್ನು ಇನ್ನೊಂದರ ಹೊರ ಅಂಕಿಯ ಪಕ್ಕಕ್ಕಿಟ್ಟು ತೂಗಿದಾಗ ಮಾತ್ರ ಅದು ದಾರಿ ತಪ್ಪಿಸುತ್ತದೆ, ಮತ್ತು ಬೆಲೆಯ ಮಾತುಕತೆಯಲ್ಲಿ ಹೆಚ್ಚಾಗಿ ನಡೆಯುವುದು ಅದೇ.