ಸಾಸಿವೆಯೂ ಉಪಸಂಹಾರವೂ

ಅಶ್ವತ್ಥಾಮನು ಬ್ರಹ್ಮಾಸ್ತ್ರದ ಪ್ರಯೋಗವನ್ನು ಬಲ್ಲವನಾಗಿದ್ದನು, ಉಪಸಂಹಾರವನ್ನು ಅರಿಯನು. ಕುಲಾಂತರಿ ಸಾಸಿವೆಯ ವಿಚಾರದಲ್ಲಿ ಈ ಕಥೆಯು ಸ್ಮರಣೀಯವಾಗಿದೆ.

ಸಾಸಿವೆಯ ಹೂವು ಬಹುಮಟ್ಟಿಗೆ ಸ್ವಪರಾಗದಿಂದಲೇ ಫಲಿಸತಕ್ಕದ್ದು. ಆದುದರಿಂದ ಸಂಕರಬೀಜವನ್ನು ಪಡೆಯುವುದು ಕಷ್ಟ. ದೆಹಲಿ ವಿಶ್ವವಿದ್ಯಾನಿಲಯದ ವಿದ್ವಾಂಸರು ಮಣ್ಣಿನ ಸೂಕ್ಷ್ಮಾಣುವೊಂದರ ಎರಡು ವಂಶವಾಹಿಗಳಿಂದ ಇದನ್ನು ಸಾಧಿಸಿರುವರು. ‘ಬಾರ್ನೇಸ್’ ಎಂಬುದು ಒಂದು ತಳಿಯಲ್ಲಿ ಪರಾಗವು ಹುಟ್ಟದಂತೆ ಮಾಡುವುದು. ‘ಬಾರ್‌ಸ್ಟಾರ್’ ಎಂಬುದು ಸಂತತಿಯಲ್ಲಿ ಆ ಬಂಜೆತನವನ್ನು ನೀಗುವುದು. ಗಿಡದೊಳಗೆ ಉಪಸಂಹಾರವುಂಟು, ವಿದ್ಯೆಯು ಶ್ಲಾಘ್ಯವೇ ಸರಿ.

ಹೊಲದಲ್ಲಿಯೋ? ಜೇನುಹುಳುವಿನೊಡನೆ ನೆರೆಯ ಹೊಲಕ್ಕೆ ಹೋದ ಪರಾಗವನ್ನು ಹಿಂದಕ್ಕೆ ಕರೆಯುವ ಮಂತ್ರವಿಲ್ಲ. 2022ರಲ್ಲಿ ಕೇಂದ್ರಸರಕಾರವು ಷರತ್ತುಗಳೊಡನೆ ಅನುಮತಿಯಿತ್ತಿತು. 2024ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಅದರ ಸಿಂಧುತ್ವದಲ್ಲಿ ಭಿನ್ನಮತರಾದರೂ, ರಾಷ್ಟ್ರನೀತಿಯೊಂದು ಬೇಕೆಂಬುದರಲ್ಲಿ ಏಕಮತರಾದರು.

ಅರಿಯುವುದು ಪಾಪವಲ್ಲ. ಹಿಂದೆಗೆಯಲಾಗದುದನ್ನು ಬಿಡುವ ಮುನ್ನ ನೆರೆಯ ಒಕ್ಕಲಿಗನ ಸಮ್ಮತಿಯನ್ನು ಕೇಳದಿರುವುದೇ ಅಧರ್ಮ.