ಅಳತೆ ಕೇಳದ ಅಂಗಡಿ

ಬಳೆಗಾರ ಕೈ ಹಿಡಿದು ನೋಡಿಯೇ ಬಳೆ ಆರಿಸುತ್ತಾನೆ. ಚಪ್ಪಲಿ ಅಂಗಡಿಯವನೂ ಪಾದ ನೋಡುತ್ತಾನೆ. ಆದರೆ 28 ಸಾವಿರ ರೂಪಾಯಿಯ ಸೈಕಲ್ ಕೊಳ್ಳಲು ಹುಬ್ಬಳ್ಳಿಯ ಗಾಜಿನ ಬಾಗಿಲಿನ ಅಂಗಡಿಯೊಂದಕ್ಕೆ ಹೋದಾಗ ನನ್ನ ತಂಗಿಯ ಮಗಳ ಎತ್ತರವನ್ನು ಯಾರೂ ಕೇಳಲಿಲ್ಲ. ಗೇರು ಎಷ್ಟು, ಬಣ್ಣ ಯಾವುದು, ಹಣ ಕಂತಿನಲ್ಲೋ ಒಮ್ಮೆಲೋ, ಮಾತೆಲ್ಲ ಇಷ್ಟೇ. ಸೈಕಲ್ ಲಕ್ಕುಂಡಿಗೆ ಬಂದ ಹದಿನೈದೇ ದಿನಕ್ಕೆ ಹುಡುಗಿಗೆ ಹೆಗಲುನೋವು ಶುರುವಾಯಿತು.

ನಾವು 26 ಇಂಚು ಎನ್ನುವುದು ಗಾಲಿಯ ಅಳತೆ. ಚೌಕಟ್ಟಿನ ಅಳತೆ ಬೇರೆಯೇ ಇರುತ್ತದೆ. ಸೀಟು ಇಳಿಸಿದರೆ ಕಾಲೇನೋ ನೆಲ ಮುಟ್ಟುತ್ತದೆ. ಹ್ಯಾಂಡಲ್ ಹತ್ತಿರ ಬರುವುದಿಲ್ಲ. ಇದು ಮಾರುವವನಿಗೆ ಗೊತ್ತು. ಅವಳ ಅಳತೆಯದು ಅಂಗಡಿಯಲ್ಲಿ ಇರಲಿಲ್ಲ, ಅದನ್ನವನು ಹೇಳಲಿಲ್ಲ, ಅಷ್ಟೆ. "ಸುಳ್ಳಂತೂ ಹೇಳಲಿಲ್ಲಲ್ಲ, ನೀವು ಕೇಳಬೇಕಿತ್ತು" ಎಂದು ನಮ್ಮ ಮನೆಯವರ ವಾದ. ಕೇಳುವುದಕ್ಕೂ ಒಂದಿಷ್ಟು ತಿಳಿದಿರಬೇಕಲ್ಲ! ತಿಳಿದವನು ತಿಳಿಯದವರ ಎದುರು ಸುಮ್ಮನಿದ್ದು ಹಣ ಎಣಿಸಿಕೊಂಡರೆ ಆ ಮೌನಕ್ಕೆ ಏನೆನ್ನಬೇಕು? ಹ್ಯಾಂಡಲ್ ಹಿಡಿದಿರುವ ತುಂಡನ್ನು ಬದಲಿಸಿ ಗಿಡ್ಡದ್ದು ಹಾಕಿದರೆ ನೋವು ಕಡಿಮೆಯಾಗುತ್ತದೆ ಎಂದು ಆಮೇಲೆ ಅವರೇ ಹೇಳಿದರು. ಅದಕ್ಕೆ ಬೇರೆ ದುಡ್ಡು.

ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಪುಕ್ಕಟೆ ಸೈಕಲ್ ಕೊಡಲು ಆರಂಭಿಸಿತು. ಅಲ್ಲಿ ಅಳತೆಯ ಮಾತೇ ಇರಲಿಲ್ಲ, ಇರಬೇಕೆಂದು ಯಾರೂ ಅನ್ನಲಿಲ್ಲ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ ಎಂದು ಗಾದೆಯೇ ನಗುತ್ತದೆ. ಆದರೆ ದುಡ್ಡು ಕೊಟ್ಟು ತಂದ ದಟ್ಟಿಗೆ ಅಂಗಡಿಯಲ್ಲೇ ಮೊಳ ಹಾಕಬೇಕು, ಅದೂ ಅಂಗಡಿಯವನೇ ಹಾಕಿ ತೋರಿಸಬೇಕು.

ತಮ್ಮಲ್ಲಿ ಕೊಂಡವರಿಗೆ ಮಾತ್ರ ಪುಕ್ಕಟೆ ಸರ್ವಿಸ್ ಎಂದರೆ ನನಗೆ ತಕರಾರಿಲ್ಲ. ಬಾಡಿಗೆ, ಸಂಬಳ ಅವರಿಗೂ ಇದೆ. ಅರ್ಧ ದಿನ ಅಂಗಡಿಯವನ ತಲೆ ತಿಂದು, ನಾಲ್ಕು ಸೈಕಲ್ ಹತ್ತಿ ಇಳಿದು, ಆಮೇಲೆ ಐನೂರು ಉಳಿಯುತ್ತದೆಂದು ಮನೆಗೆ ಬಂದು ಫೋನಿನಲ್ಲಿ ತರಿಸುವವರೂ ನಮ್ಮ ನಡುವೆ ಇದ್ದಾರೆ. ಅವರೂ ಬಾಯಿ ಬಿಡದೆಯೇ ಅಂಗಡಿಯಿಂದ ಹೊರಟಿರುತ್ತಾರೆ.

ಕಾಶಿ ವಿಶ್ವೇಶ್ವರ ಗುಡಿ ನೋಡಲು ಊರೂರು ಸುತ್ತಿಕೊಂಡು ಸೈಕಲ್ಲಿನಲ್ಲೇ ಬಂದಿದ್ದ ಹುಡುಗನೊಬ್ಬ ಮೊನ್ನೆ ನಮ್ಮೂರ ಪಂಚರ್ ಅಂಗಡಿಯ ಮುಂದೆ ನಿಂತಿದ್ದ. ಬ್ರೇಕು ಹಿಡಿಯುತ್ತಿರಲಿಲ್ಲವಂತೆ. ಅಂಗಡಿಯವರು ಕೂತು ನೋಡಿದರು, ಗಾಲಿ ತಿರುಗಿಸಿದರು. "ಇದರಾಗ ಎಣ್ಣಿ ಇರ್ತೈತ್ರಿ ಅಣ್ಣಾರ. ನನಗ ತಿಳಿಯಂಗಿಲ್ಲ. ಕೈ ಹಚ್ಚಿ ಕೆಡಸೂದು ಬ್ಯಾಡ, ಗದಗಕ್ಕ ತೋರಸ್ರಿ. ಇಳಕಲದಾಗ ಇಳದು ನಡೀರಿ" ಎಂದರು. ಗಾಳಿ ಹೊಡೆದದ್ದಕ್ಕೆ ಹತ್ತು ರೂಪಾಯಿ ತೆಗೆದುಕೊಂಡರು.