ಮಹಡಿಯ ಮನೆಯ ದೀಪ

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಮಧ್ಯಾಹ್ನದ ಬಿಡುವಿನ ಹೊತ್ತು ಎಂಥ ವಿಷಯವಾದರೂ ಚರ್ಚೆಗೆ ಬರುವುದುಂಟು. 2023ರ ಅಕ್ಟೋಬರ್ ತಿಂಗಳ ಒಂದು ದಿನ ಅರ್ಥಶಾಸ್ತ್ರದ ಮಿತ್ರರು ಇಂಗ್ಲೆಂಡಿನಲ್ಲಿರುವ ತಮ್ಮ ಸೋದರನ ಸುದ್ದಿ ತೆಗೆದರು. ಆತ ಅಲ್ಲಿ ಬಾಡಿಗೆಯ ಮನೆಯಲ್ಲಿದ್ದಾನೆ. ವಿದ್ಯುತ್ತಿನ ದರ ಹೆಚ್ಚಾಯಿತೆನ್ನಿಸಿತು. ಒಂದು ಕಂಪೆನಿಯನ್ನು ಬಿಟ್ಟು ಇನ್ನೊಂದು ಕಂಪೆನಿಗೆ ಹೋದ. ಆ ದೇಶದಲ್ಲಿ 1990ರ ದಶಕದ ಕೊನೆಯಿಂದ ಗೃಹಸ್ಥರಿಗೆ ಸರಬರಾಜುದಾರನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಬಂದಿದೆ. ಬಿಲ್ಲನ್ನು ತಾನೇ ನೇರವಾಗಿ ಕಟ್ಟುವ ಬಾಡಿಗೆದಾರನಿಗೂ ಅದು ಉಂಟು. ಮನೆಯ ಮಾಲೀಕ ವಿನಾಕಾರಣ ಅಡ್ಡ ಬರುವಂತಿಲ್ಲ.

“ನಮ್ಮಲ್ಲಿ ಆ ತಾಪತ್ರಯವೇ ಇಲ್ಲ ಬಿಡಿ. ಇಡೀ ಊರಿಗೆ ಇರುವುದು ಒಂದೇ ಬೆಸ್ಕಾಂ. ಆರಿಸಿಕೊಳ್ಳುವುದಕ್ಕೆ ಏನಿದೆ?” ಎಂದರು ಇನ್ನೊಬ್ಬರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಗಂಟೆ ಹೊಡೆಯಿತು, ತರಗತಿಗಳಿಗೆ ಹೊರಟೆವು.

ಸಂಜೆ ಮೆಟ್ರೋ ಇಳಿದು ಮಹಾಲಕ್ಷ್ಮಿ ಲೇಔಟಿನ ಆಂಜನೇಯನ ಗುಡ್ಡದ ಕಡೆಗೆ ನಡೆದು ಬರುತ್ತಿರುವಾಗ ಆ ನಗೆ ಸರಿಯಾದುದಲ್ಲವೆಂದು ಮನಸ್ಸಿಗೆ ಚುಚ್ಚತೊಡಗಿತು. ನಮ್ಮಲ್ಲಿ ಆ ಪ್ರಶ್ನೆಯೇ ಇಲ್ಲವೆಂದು ಯಾರು ಹೇಳಿದರು? ನನ್ನ ಮನೆಯಲ್ಲಿಯೇ ಆ ಪ್ರಶ್ನೆ ಇತ್ತು. ನಾಲ್ಕು ತಿಂಗಳಿನಿಂದ ಅದಕ್ಕೆ ಉತ್ತರ ಕೊಡದೆ ಕುಳಿತಿದ್ದವನು ನಾನೇ.

ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ತಂದೆಯವರು ಕಟ್ಟಿಸಿದ ಮನೆ. ಕೆಳಗೆ ನಾವಿದ್ದೇವೆ, ಮಹಡಿಯ ಮೇಲೆ ಎರಡು ಚಿಕ್ಕ ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಒಂದರಲ್ಲಿ ಆಟೋ ಓಡಿಸುವವರೊಬ್ಬರ ಸಂಸಾರ. ಆತನ ಹೆಂಡತಿ ಮನೆಯಲ್ಲಿಯೇ ರವಿಕೆ ಹೊಲಿಯುತ್ತಾರೆ. ಇನ್ನೊಂದರಲ್ಲಿ ಪೀಣ್ಯದ ಕಾರ್ಖಾನೆಗೆ ಹೋಗುವ ಇಬ್ಬರು ಅಣ್ಣತಮ್ಮಂದಿರು. ಮಹಡಿಯ ಎರಡು ಮನೆಗೂ ಸೇರಿ ಬೆಸ್ಕಾಂನ ಮೀಟರು ಒಂದೇ, ಆರ್.ಆರ್. ನಂಬರೂ ಒಂದೇ; ಅದು ನನ್ನ ತಂದೆಯವರ ಹೆಸರಿನಲ್ಲಿತ್ತು. ಒಳಗೆ ಒಂದೊಂದು ಮನೆಗೆ ಒಂದೊಂದು ಸಬ್ ಮೀಟರು. ತಿಂಗಳ ಮೊದಲ ವಾರ ನಾನು ಮೆಟ್ಟಿಲ ಬಳಿ ನಿಂತು ಸಬ್ ಮೀಟರು ನೋಡಿ, ಯೂನಿಟ್ಟುಗಳನ್ನು ಲೆಕ್ಕಹಾಕಿ, ಚೀಟಿ ಬರೆದು ಕೊಡುತ್ತಿದ್ದೆ. ಬಾಡಿಗೆಯ ಜೊತೆಗೆ ಅವರು ಅದನ್ನೂ ತಂದು ಕೊಡುತ್ತಿದ್ದರು. ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಲ್ಲಿ ಬಾಡಿಗೆಗೆ ಇದ್ದವರಿಗೆ ಈ ಚೀಟಿಯ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ.

2023ರ ಜೂನ್ ತಿಂಗಳಲ್ಲಿ ಗೃಹಜ್ಯೋತಿ ಯೋಜನೆಗೆ ಅರ್ಜಿ ತೆಗೆದುಕೊಳ್ಳಲು ಆರಂಭವಾಯಿತು. ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿದಷ್ಟು ವಿದ್ಯುತ್ತು ಉಚಿತ, ಬಾಡಿಗೆದಾರರಿಗೂ ಉಂಟು. ಮಹಡಿಯ ಒಂದೊಂದು ಮನೆಯ ಖರ್ಚು ಹೆಚ್ಚುಕಡಿಮೆ 110 ಯೂನಿಟ್. ಬೇರೆಬೇರೆಯಾಗಿ ಎಣಿಸಿದರೆ ಎರಡು ಮನೆಯೂ ಮಿತಿಯ ಒಳಗೆ. ಒಂದೇ ಮೀಟರಿನಲ್ಲಿ ಕೂಡಿಸಿದರೆ 220, ಇಬ್ಬರೂ ಹೊರಗೆ. ಲೆಕ್ಕ ಇಷ್ಟು ಸರಳ. ರವಿಕೆ ಹೊಲಿಯುವ ಆಕೆ ಮಾಡಿದ ಲೆಕ್ಕವೂ ಇದೇ.

ಒಂದು ಬೆಳಿಗ್ಗೆ ಕೆಳಗಿಳಿದು ಬಂದು, “ಸಾರ್, ನಮ್ಮ ಮನೆಗೆ ಬೇರೆ ಮೀಟರ್ ಹಾಕಿಸ್ಕೊಳ್ತೀವಿ. ನಿಮ್ದೊಂದು ರುಜು ಬೇಕಾಗಿತ್ತು” ಎಂದರು.

“ನೋಡೋಣಮ್ಮ” ಎಂದೆ ನಾನು.

ಆಕೆ ಹೋದ ಮೇಲೆ ನನ್ನ ಹೆಂಡತಿ ಅಡಿಗೆಮನೆಯಿಂದಲೇ, “ನೋಡೋಣ ಅಂದ್ರೆ ಇಲ್ಲ ಅಂತ ತಾನೆ? ಪಾಪ, ಹಾಗೇ ಹೇಳ್ಬಿಡಬಾರದಾಗಿತ್ತೆ?” ಎಂದಳು. ನಾನು ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದೆ.

ಇಲ್ಲವೆನ್ನುವುದಕ್ಕೆ ನನ್ನಲ್ಲಿ ಕಾರಣಗಳು ಇರಲಿಲ್ಲವೆಂದಲ್ಲ. ಬಾಡಿಗೆದಾರ ಬಾಕಿ ಉಳಿಸಿ ಹೋದರೆ ಗತಿಯೇನು? ಈ ಭಯ ಬರಿಯ ಕಲ್ಪನೆಯಲ್ಲ. ನಿಯಮಗಳಲ್ಲಿ ಅವಕಾಶವಿದ್ದರೆ ಒಂದು ಕಟ್ಟಡದ ಹಳೆಯ ವಿದ್ಯುತ್ ಬಾಕಿಯನ್ನು ಅದನ್ನು ಕೊಂಡ ಹೊಸ ಮಾಲೀಕನಿಂದ ಕೇಳಬಹುದೆಂದು 2023ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. ಬಿಲ್ಲಿನ ಮೇಲೆ ಅವರ ಹೆಸರು ಬಂದರೆ ನಾಳೆ ಮನೆ ಬಿಡಲೊಲ್ಲೆವೆಂದು ಕುಳಿತಾರು ಎಂಬುದು ಎರಡನೆಯದು. ವೈರಿಂಗಿನ ಖರ್ಚು ಮೂರನೆಯದು. ಬಡಾವಣೆಯ ಹಿರಿಯರೊಬ್ಬರು ಬೆಳಗಿನ ವಾಯುವಿಹಾರದಲ್ಲಿ ಈ ಮೂರನ್ನೂ ಬೆರಳು ಮಡಿಸಿ ಎಣಿಸಿ ಹೇಳಿದ್ದರು. ಮನೆ ಕಟ್ಟಿಸಿದವನ ಕಷ್ಟವನ್ನು ಲಘುವಾಗಿ ಕಾಣತಕ್ಕದ್ದಲ್ಲ. ಸಾಲ ತೀರಿಸುವುದಕ್ಕೆ ಎರಡು ದಶಕ ಹೊಟ್ಟೆ ಕಟ್ಟಿದವರನ್ನು ನಾನು ಮನೆಯಲ್ಲಿಯೇ ಕಂಡಿದ್ದೇನೆ.

ಆದರೆ ಆ ಸಂಜೆ ಗುಡ್ಡದ ಬುಡದಲ್ಲಿ ಬರುತ್ತಿರುವಾಗ ಈ ಮೂರು ಕಾರಣಗಳ ಹಿಂದೆ ನಾಲ್ಕನೆಯದೊಂದು ನಿಂತಿರುವುದು ಕಾಣಿಸಿತು. ಅದನ್ನು ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ. ಊರಿಗೆಲ್ಲ ಒಂದೇ ಬೆಸ್ಕಾಂ ಎಂದು ನಾವು ನಕ್ಕೆವಷ್ಟೆ? ಬೆಸ್ಕಾಂ ನನಗೆ ಸರಬರಾಜುದಾರ. ಮಹಡಿಯವರಿಗೆ ಅಲ್ಲ. ಅವರ ಸರಬರಾಜುದಾರ ನಾನು. ದರ ಕಟ್ಟುವವನು ನಾನು. ಮೀಟರು ಓದುವವನು ನಾನು. ಬಿಲ್ಲು ಬರೆಯುವವನು ನಾನು. ತಗಾದೆ ಬಂದರೆ ತೀರ್ಮಾನ ಮಾಡತಕ್ಕ ಅಧಿಕಾರಿಯೂ ನಾನೇ. ಕಂತು ತಪ್ಪಿದರೆ ಕೆಳಗಿಳಿಸಬಹುದಾದ ಸ್ವಿಚ್ಚು ಇರುವುದೂ ನನ್ನ ಬಾಗಿಲ ಪಕ್ಕದ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ರವಿಕೆ ಹೊಲಿಯುವ ಆಕೆ ಕೇಳಿದುದು ತನ್ನ ಸರಬರಾಜುದಾರನನ್ನು ತಾನು ಆರಿಸಿಕೊಳ್ಳುವ ಹಕ್ಕನ್ನೇ. ಇಂಗ್ಲೆಂಡಿನ ಆ ಸೋದರ ಒಂದು ಕಂಪೆನಿಯನ್ನು ಬಿಟ್ಟು ಇನ್ನೊಂದಕ್ಕೆ ಹೋದ. ಈಕೆ ನನ್ನನ್ನು ಬಿಟ್ಟು ಬೆಸ್ಕಾಂಗೆ ಹೋಗುತ್ತೇನೆಂದರು. ನನಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಇದರಲ್ಲಿ ನಾನು ದುಡ್ಡು ಮಾಡುತ್ತಿದ್ದೆನೆ? ಮಾಡುತ್ತಿರಲಿಲ್ಲವೆಂದೇ ನಂಬಿದ್ದೆ. ಆ ರಾತ್ರಿ ಹಳೆಯ ಬಿಲ್ಲುಗಳನ್ನು ತೆಗೆದು ಕೂಡಿಸಿ ನೋಡಿದೆ. ಚಿಲ್ಲರೆಯ ತೊಂದರೆ ಬೇಡವೆಂದು ಯೂನಿಟ್ಟಿಗೆ ಇಷ್ಟು ಎಂದು ದುಂಡಾಗಿ ಮಾಡಿದ್ದ ದರ, ನಾನು ಕಟ್ಟಿದ್ದಕ್ಕಿಂತ ಪ್ರತಿ ತಿಂಗಳೂ ಸ್ವಲ್ಪ ಹೆಚ್ಚಾಗಿಯೇ ಬಂದಿತ್ತು. ದೊಡ್ಡ ಮೊತ್ತವೇನೂ ಅಲ್ಲ. ಆದರೆ ದುಂಡು ಮಾಡುವಾಗ ಒಂದು ಸಲವಾದರೂ ಅದು ಕೆಳಕ್ಕೆ ದುಂಡಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಬಾಡಿಗೆದಾರನಿಗೆ ವಿದ್ಯುತ್ತನ್ನು ಮಾರುವ ಮಾಲೀಕ ತಾನು ಕೊಂಡ ಬೆಲೆಗಿಂತ ಹೆಚ್ಚು ಕೇಳಕೂಡದೆಂಬ ನಿಯಮವಿದೆಯೆಂದು ಅರ್ಥಶಾಸ್ತ್ರದ ಮಿತ್ರರು ಆ ಮೇಲೆ ಹೇಳಿದರು. ಸಭ್ಯರೆನ್ನಿಸಿಕೊಂಡವರ ಮೇಲೂ ಅಂಥ ನಿಯಮ ಏಕೆ ಬೇಕೆಂಬುದು ನನಗೆ ಆ ಹೊತ್ತಿಗೆ ತಿಳಿದಿತ್ತು.

ನನಗೆ ಇದು ಬೇಗ ತಿಳಿಯಬೇಕಾಗಿತ್ತು. ಏಕೆಂದರೆ ಕೆಲಸ ಸಿಕ್ಕಿದ ಹೊಸದರಲ್ಲಿ ನಾನೂ ವಿಜಯನಗರದ ಒಂದು ಔಟ್‌ಹೌಸಿನಲ್ಲಿ ಬಾಡಿಗೆಗೆ ಇದ್ದವನು. ಆ ಮನೆಯ ಯಜಮಾನರು ರಾತ್ರಿ ಹತ್ತೂವರೆಗೆ ಫ್ಯೂಸು ಕೀಳುತ್ತಿದ್ದರು. ಉಪನ್ಯಾಸಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ ತಟಕ್ಕನೆ ಕತ್ತಲಾಗುತ್ತಿತ್ತು. “ಹಗಲು ಹೊತ್ತು ಓದ್ಕೊಳ್ರಿ, ಮೇಷ್ಟ್ರೆ” ಎನ್ನುತ್ತಿದ್ದರು. ಅವರು ಕೆಟ್ಟವರಲ್ಲ, ಹಬ್ಬಕ್ಕೆ ಒಬ್ಬಟ್ಟು ಕಳಿಸಿಕೊಡುತ್ತಿದ್ದರು. ಆ ಒಬ್ಬಟ್ಟಿನ ರುಚಿ ಈಗ ನೆನಪಿಲ್ಲ. ಆ ಕತ್ತಲೆ ಮಾತ್ರ ನೆನಪಿದೆ. ಅವರು ನನಗೆ ಮಾಡಿದುದನ್ನು ನಾನು ಯಾರಿಗೂ ಮಾಡಿರಲಿಲ್ಲ, ನಿಜ. ಆದರೆ ಮಾಡಬಲ್ಲೆನೆಂಬುದು ಮಹಡಿಯವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಬ್ಬರ ಸೌಜನ್ಯವನ್ನು ನಂಬಿ ಇನ್ನೊಬ್ಬರು ದೀಪ ಹಚ್ಚಿಕೊಳ್ಳಬೇಕಾಗಿ ಬಂದರೆ, ಆ ಸೌಜನ್ಯ ಎಷ್ಟೇ ದೊಡ್ಡದಾಗಿದ್ದರೂ ಅದು ನ್ಯಾಯವಾಗುವುದಿಲ್ಲ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದೆ ಇದೆ. 2003ರ ವಿದ್ಯುಚ್ಛಕ್ತಿ ಕಾಯಿದೆಯ 43ನೆಯ ಕಲಮು, ಕಟ್ಟಡದ ಮಾಲೀಕ ಅಥವಾ ಅಲ್ಲಿ ವಾಸವಾಗಿರುವವನು ಅರ್ಜಿ ಹಾಕಿದರೆ ವಿದ್ಯುತ್ತನ್ನು ಕೊಡತಕ್ಕದ್ದು ಎನ್ನುತ್ತದೆ. ‘ಅಥವಾ’ ಎಂಬ ಆ ಸಣ್ಣ ಮಾತು ಬಾಡಿಗೆದಾರನ ಪಾಲಿಗೆ ಬಹು ದೊಡ್ಡದು. 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೂ ಬಿಚ್ಚಿ ಹೇಳಿತು: ವಿದ್ಯುತ್ತು ಬದುಕಿನ ಮೂಲ ಸೌಕರ್ಯ, ಮಾಲೀಕ ಒಪ್ಪಿಗೆಯ ಪತ್ರ ಕೊಡಲಿಲ್ಲವೆಂದು ಬಾಡಿಗೆದಾರನಿಗೆ ಅದನ್ನು ನಿರಾಕರಿಸುವಂತಿಲ್ಲ, ಅರ್ಜಿದಾರ ಆ ಜಾಗದಲ್ಲಿ ವಾಸವಾಗಿದ್ದಾನೆಯೇ ಎಂಬುದನ್ನಷ್ಟೇ ನೋಡತಕ್ಕದ್ದು. ಅಂದಮೇಲೆ ಆಕೆ ನನ್ನ ರುಜುವನ್ನು ಕೇಳಲೇಬೇಕಾಗಿರಲಿಲ್ಲ. ಆದರೂ ಕೇಳಿದರು. ತಿಂಗಳ ಬಾಡಿಗೆಯ ಹತ್ತರಷ್ಟು ಮುಂಗಡ ಮಾಲೀಕನ ಕೈಯಲ್ಲಿರುವಾಗ, ಹನ್ನೊಂದು ತಿಂಗಳಿಗೊಮ್ಮೆ ಕರಾರುಪತ್ರ ಹೊಸದಾಗಬೇಕಾಗಿರುವಾಗ, ಯಾರು ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಹಿಡಿದು ಮೆಟ್ಟಿಲಿಳಿದು ಬರುತ್ತಾರೆ? 1999ರ ಕರ್ನಾಟಕ ಬಾಡಿಗೆ ಕಾಯಿದೆಯ ಆಸರೆ ಪಡೆಯೋಣವೆಂದರೆ, ನಗರಗಳಲ್ಲಿ ಅದು ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸದು. ಇಂದಿನ ಮಹಾಲಕ್ಷ್ಮಿ ಲೇಔಟಿನಲ್ಲಿ ಆ ಬಾಡಿಗೆಗೆ ಒಂದು ಕೋಣೆಯೂ ದೊರೆಯಲಾರದು.

ಹಾಗಾದರೆ ಕಂಪೆನಿಗಳು ನಾಲ್ಕಾರು ಬಂದು, ಬೇಕಾದುದನ್ನು ಆರಿಸಿಕೊಳ್ಳುವ ಕಾಲ ಬಂದರೆ ಎಲ್ಲ ಸರಿಹೋದೀತೆ? ಮುಂಬಯಿಯ ಉಪನಗರಗಳಲ್ಲಿ 2008ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇಲೆ, 2009ರಿಂದೀಚೆಗೆ ಬಳಕೆದಾರರು ಒಂದು ಕಂಪೆನಿಯಿಂದ ಇನ್ನೊಂದಕ್ಕೆ ಹೋಗುವುದು ಸಾಧ್ಯವಾಯಿತು. ದೇಶದ ಎಲ್ಲ ಕಡೆಗೂ ಅಂಥದನ್ನು ತರುವ ಮಸೂದೆ 2022ರ ಆಗಸ್ಟಿನಲ್ಲಿ ಲೋಕಸಭೆಗೆ ಬಂದು, ಕಾಯಿದೆಯಾಗದೆಯೇ ಉಳಿಯಿತು. ಅದು ಒಳ್ಳೆಯದೋ ಕೆಟ್ಟದ್ದೋ ಬಲ್ಲವರು ವಾದಿಸಲಿ. ನಾನು ಹೇಳಬೇಕೆಂದಿರುವುದು ಅದಕ್ಕಿಂತ ಹಿಂದಿನ ಮಾತು. ಬಿಲ್ಲಿನಲ್ಲಿ ಹೆಸರೇ ಇಲ್ಲದವನಿಗೆ ಹತ್ತು ಕಂಪೆನಿಗಳು ಬಂದರೂ ಫಲವೇನು? ಆರಿಸುವವನು ಆಗಲೂ ಕೆಳಗಿನ ಮನೆಯ ನಾನೇ. ಆಯ್ಕೆಯ ಹಕ್ಕಿಗೆ ಮೊದಲು ಲೆಕ್ಕದಲ್ಲಿ ತನ್ನ ಹೆಸರಿರುವ ಹಕ್ಕು ಬರಬೇಕು. ಉರಿಸಿದವನು ತಾನು, ತೆತ್ತವನು ತಾನು. ಸರಬರಾಜುದಾರನ ಮುಂದೆ ನಿಂತು ‘ಇದು ನನ್ನ ಲೆಕ್ಕ’ ಎನ್ನುವುದಕ್ಕೆ ಮಾತ್ರ ಬೇರೊಬ್ಬ ಎನ್ನುವುದು ಯಾವ ಧರ್ಮ?

ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದುದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದುದು ಮೂರು ವರ್ಷ ಕಳೆದು, 1905ರಲ್ಲಿ. ಹೊಳೆ ಎಲ್ಲರದಾದರೂ ಬೆಳಕು ಮಾತ್ರ ಕೈ ಮೇಲಾದವರ ಕಡೆಗೆ ಮೊದಲು ಹರಿದುಹೋಗುತ್ತದೆಂಬುದು ಹಾಗೆ ಆಗಿನಿಂದ ಬಂದ ರೂಢಿ. ಆ ರೂಢಿಯ ಕೊನೆಯ ಕಂಬ ನನ್ನ ಬಾಗಿಲ ಪಕ್ಕದಲ್ಲಿ ಇತ್ತು.

ಮರುದಿನ ನಾನೇ ಮಹಡಿ ಹತ್ತಿದೆ. ಹೊಲಿಗೆಯ ಯಂತ್ರ ನಿಂತಿತು. “ಅರ್ಜಿ ಕೊಡಿಯಮ್ಮ, ರುಜು ಮಾಡಿಕೊಡ್ತೀನಿ” ಎಂದೆ. ಆಕೆ ಸಂತೋಷವನ್ನು ತೋರಿಸಿಕೊಳ್ಳಲಿಲ್ಲ. “ಬಾಡಿಗೆ ಏನಾದ್ರೂ ಜಾಸ್ತಿ ಮಾಡ್ತೀರಾ, ಸಾರ್?” ಎಂದು ಕೇಳಿದರು. ನಾಲ್ಕು ತಿಂಗಳ ‘ನೋಡೋಣ’ಕ್ಕೆ ಸಿಕ್ಕಬೇಕಾಗಿದ್ದ ಬಹುಮಾನ ಅದು, ತೆಗೆದುಕೊಂಡೆ. ವೈರಿಂಗಿನ ಖರ್ಚು ನನ್ನದು, ಠೇವಣಿ ಅವರದು ಎಂದಾಯಿತು. ದುಂಡುದರದಿಂದ ಹೆಚ್ಚಿಗೆ ಬಂದುದನ್ನು ಎರಡು ಮನೆಯವರಿಗೂ ಲೆಕ್ಕ ಮಾಡಿ ಹಿಂದಿರುಗಿಸಿದೆ. ಹೊಸ ಮೀಟರಿಗೆ ಹಿಂದಿನ ವರ್ಷದ ಲೆಕ್ಕವಿಲ್ಲದ ಕಾರಣ, ಅಂಥ ಮನೆಗಳಿಗೆ ಗೊತ್ತುಮಾಡಿದ್ದಂತೆ ಆಕೆಗೆ ಮೊದಲು ದೊರೆತ ಉಚಿತ ವಿದ್ಯುತ್ತು 58 ಯೂನಿಟ್ ಮಾತ್ರ. ಆದರೂ ಅದು ಅವರ ಹೆಸರಿನ 58.

ಇಷ್ಟರಿಂದ ಲೋಕವೇನೂ ನೆಟ್ಟಗಾಗಲಿಲ್ಲ. ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ ಸಂಪರ್ಕ ಕೊಡಕೂಡದೆಂದು 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ನಿಯಮ ಮೀರಿ ಅಂತಸ್ತಿನ ಮೇಲೆ ಅಂತಸ್ತು ಕಟ್ಟುವವರನ್ನು ತಡೆಯಲು ಅದು ಬೇಕಾದದ್ದೇ. ಆದರೆ ತಪ್ಪು ಮಾಡುವವನು ಕಟ್ಟಿಸಿದವನು. ಹೊಸ ಮೀಟರಿಲ್ಲದೆ ಕಷ್ಟಪಡುವವನು ಒಳಗಿರುವವನು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ತಂದ ಸೂರ್ಯಘರ್ ಯೋಜನೆಯಲ್ಲಿ ಮಾಳಿಗೆಯ ಮೇಲೆ ಸೌರ ಫಲಕ ಹಾಕಿಸಿದರೆ 78,000 ರೂಪಾಯಿಯವರೆಗೆ ಸಹಾಯಧನವುಂಟು. ಅದು ಮಾಳಿಗೆ ಇದ್ದವರಿಗೆ. ಮಹಡಿಯ ಮನೆಯವರಿಗೆ ಸೂರ್ಯನ ಸೆಕೆ ಮಾತ್ರ. ನಾನು ಇನ್ನೂ ಫಲಕ ಹಾಕಿಸಿಲ್ಲ. ಹಾಕಿಸುವ ದಿನ ಬಂದರೆ ಆ ಬೆಳಕಿನಲ್ಲಿ ಅವರ ಪಾಲೆಷ್ಟು ಎಂಬ ಪ್ರಶ್ನೆಯೂ ಜೊತೆಯಲ್ಲಿ ಬರುತ್ತದೆ. ಈ ಸಲ ‘ನೋಡೋಣ’ ಎನ್ನಲಾರೆನೆಂದು ಅಂದುಕೊಂಡಿದ್ದೇನೆ.

ಮೀಟರು ಬಂದ ಮೊದಲ ತಿಂಗಳು ಆಕೆ ಬಿಲ್ಲನ್ನು ಹಿಡಿದು ಕೆಳಗೆ ಬಂದರು. “ಸಾರ್, ಹೆಸರು ಸರಿಯಾಗಿ ಬಂದಿದೆಯಾ, ನೋಡಿ” ಎಂದರು. ಕನ್ನಡದ ಮೇಷ್ಟರಲ್ಲವೆ, ಕಾಗುಣಿತ ನೋಡಿದೆ, ಸರಿಯಾಗಿಯೇ ಇತ್ತು. ಆಕೆ ಅದನ್ನು ಮಡಿಸಿ, ಪಡಿತರ ಚೀಟಿಯ ಜೊತೆಗೆ ಇಟ್ಟುಕೊಂಡು ಮೆಟ್ಟಿಲು ಹತ್ತಿದರು. ಆ ಸಂಜೆ ಮೀಟರಿನ ಪೆಟ್ಟಿಗೆಯ ಬೀಗಕ್ಕೆ ಇನ್ನೆರಡು ಕೈ ಮಾಡಿಸಿ ಮಹಡಿಯ ಎರಡು ಮನೆಗೂ ಕೊಟ್ಟುಬಂದೆ. ರಾತ್ರಿ ಹನ್ನೊಂದು ದಾಟಿದ ಮೇಲೂ ಹೊಲಿಗೆಯ ಯಂತ್ರದ ಸದ್ದು ಕೇಳುತ್ತಿತ್ತು. ಮೊದಲಾಗಿದ್ದರೆ, ‘ಇವರಿಗೆ ಕರೆಂಟಿನ ಬೆಲೆಯೇ ಗೊತ್ತಿಲ್ಲ’ ಎಂದುಕೊಂಡು ಮಗ್ಗುಲು ಬದಲಾಯಿಸುತ್ತಿದ್ದೆ. ಆ ರಾತ್ರಿ ಬೇಗ ನಿದ್ದೆ ಬಂತು.